ಕಟ್ಟಿಸಿದ ಹಲ್ಲು ಮತ್ತು ಬಾಯಿಯ ಒಪ್ಪಿಗೆ

“ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ” ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಈ ಗಾದೆ ಹುಟ್ಟಿದ ಕಾಲದಲ್ಲಿ ಬಿದ್ದ ಹಲ್ಲು ಬಿದ್ದಂತೆಯೇ ಸರಿ. ಮುಂದಿನ ಆಯುಷ್ಯವನ್ನು ಮುದ್ದೆ, ಗಂಜಿ, ಮೆತ್ತನೆಯ ಅನ್ನಗಳ ಮೇಲೆ ಕಳೆಯಬೇಕಾಗಿತ್ತು. ಇಂದು ಹಾಗಲ್ಲ, ಹಲ್ಲು ಹೋದವರು ಹಲ್ಲು ಕಟ್ಟಿಸಿಕೊಳ್ಳಬಹುದು. ಆದರೂ ಗಾದೆ ಪೂರ್ತಿ ಸುಳ್ಳಾಗಿಲ್ಲ. ಹಲ್ಲಿನ ಸೆಟ್ಟನ್ನು ಮಾಡಿಸಿಕೊಂಡು, ಕೆಲವು ತಿಂಗಳು ಕಷ್ಟಪಟ್ಟು ಹಾಕಿಕೊಂಡು, ಕೊನೆಗೆ ಅದನ್ನು ಡಬ್ಬಿಯಲ್ಲಿಟ್ಟು ಬೊಚ್ಚುಬಾಯಿಯಲ್ಲೇ ಉಣ್ಣುವ ಅಜ್ಜ ಅಜ್ಜಿಯರು ನಮ್ಮ ಕೇರಿಗಳಲ್ಲಿ ಇಲ್ಲದೆ ಇಲ್ಲ. ಕಾರಣ ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಮೂರರಲ್ಲಿ ಒಂದು: “ಮುರಿಯಿತು”, “ಚುಚ್ಚುತ್ತದೆ”, “ಉರಿಯುತ್ತದೆ.” ಮೂರೂ ಚಿಕ್ಕ ಮಾತುಗಳೇ. ಆದರೆ ಇವುಗಳ ಹಿಂದೆ ರಸಾಯನಶಾಸ್ತ್ರ, ಯಂತ್ರಶಾಸ್ತ್ರ, ಜೀವಶಾಸ್ತ್ರ ಮೂರೂ ಕೂಡಿದ ದೊಡ್ಡ ವಿಷಯವೊಂದು ಅಡಗಿದೆ. ಅದನ್ನು ಯಥಾಶಕ್ತಿ ವಿವರಿಸುವುದೇ ಈ ಲೇಖನದ ಉದ್ದೇಶ.

ವಿಷಯ ನಮಗೆ ದೂರದ್ದಲ್ಲ. ಬಿನ್ನಿಪೇಟೆಯಿಂದ ಸಿಟಿ ಮಾರ್ಕೆಟ್ಟಿನ ಕಡೆಗೆ ಹೋದರೆ, ಕೋಟೆಯ ಸಮೀಪದಲ್ಲಿ ಸರ್ಕಾರಿ ದಂತ ವೈದ್ಯ ಕಾಲೇಜು ಸಿಗುವುದು. ಆಗಿನ ಮೈಸೂರು ರಾಜ್ಯದಲ್ಲಿ, ೧೯೫೮ರಲ್ಲಿ, ಅದು ಆರಂಭವಾಯಿತು. ಕರ್ನಾಟಕ ಸರ್ಕಾರವು ೨೦೧೪-೧೫ರಲ್ಲಿ ‘ದಂತ ಭಾಗ್ಯ’ ಎಂಬ ಯೋಜನೆಯನ್ನು ತಂದು, ಬಡತನದ ರೇಖೆಯ ಕೆಳಗಿರುವ, ಹಲ್ಲುಗಳನ್ನೆಲ್ಲ ಕಳೆದುಕೊಂಡ ವೃದ್ಧರಿಗೆ ದಂತ ವೈದ್ಯ ಕಾಲೇಜುಗಳ ಮೂಲಕ ಪೂರ್ಣ ಸೆಟ್ಟನ್ನು ಉಚಿತವಾಗಿ ಕೊಡುವ ಏರ್ಪಾಡು ಮಾಡಿತು. ದುಡ್ಡಿಲ್ಲವೆಂಬ ಅಡ್ಡಿಯನ್ನು ಹೀಗೆ ಸರ್ಕಾರ ತೆಗೆಯಬಹುದು. ಆದರೆ ಕೈಗೆ ಬಂದ ಹಲ್ಲನ್ನು ಬಾಯಿ ಒಪ್ಪಬೇಕಲ್ಲ! ಆ ಒಪ್ಪಿಗೆಯನ್ನು ಯಾವ ಸರ್ಕಾರವೂ ಆಜ್ಞೆ ಮಾಡಿ ಕೊಡಿಸಲಾರದು.

ಕಟ್ಟಿಸಿದ ಹಲ್ಲು ಎರಡು ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕು. ಮೊದಲನೆಯದು ಬಲದ ಪರೀಕ್ಷೆ. ಅಗಿಯುವಾಗ, ಕೈಜಾರಿ ಬಿದ್ದಾಗ ಅದು ಮುರಿಯಬಾರದು. ಎರಡನೆಯದು ಒಪ್ಪಿಗೆಯ ಪರೀಕ್ಷೆ. ಅದು ಕುಳಿತ ಜಾಗದ ಜೀವಂತ ಚರ್ಮಕ್ಕೆ ಅದರಿಂದ ಕೇಡಾಗಬಾರದು. ಮೊದಲನೆಯದರಲ್ಲಿ ಹೆಚ್ಚು ಅಂಕ ತೆಗೆಯಲೆಂದು ವಸ್ತುವಿಗೆ ಗಾಜಿನ ಎಳೆ, ಲೋಹದ ಜಾಲರಿ, ಬಗೆಬಗೆಯ ಪುಡಿಗಳನ್ನು ಸೇರಿಸುತ್ತ ಬಂದಿದ್ದಾರೆ. ಹಾಗೆ ಸೇರಿಸಿದುದರಿಂದ ಎರಡನೆಯದರಲ್ಲಿ ಅಂಕ ಕಡಮೆಯಾಗುವುದೇ ಎಂಬುದು ನಮ್ಮ ಪ್ರಶ್ನೆ.

ಮೊದಲು ವಸ್ತುವನ್ನೇ ನೋಡೋಣ. ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೂ ಆನೆಯ ದಂತ, ಮೂಳೆ, ಚಿನ್ನಗಳಿಂದ ಹಲ್ಲು ಕಟ್ಟುತ್ತಿದ್ದರು. ಅದು ಸಿರಿವಂತರ ಪಾಲಿನ ವಸ್ತುವಾಗಿತ್ತು. ೧೮೩೯ರಲ್ಲಿ ಅಮೆರಿಕೆಯ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಸೇರಿಸಿ ಕಾಯಿಸಿ ಗಟ್ಟಿಮಾಡುವ ವಿಧಾನವನ್ನು ಕಂಡುಹಿಡಿದ ಮೇಲೆ, ಆ ಗಟ್ಟಿ ರಬ್ಬರಿನಿಂದ ಒಸಡಿನ ಭಾಗವನ್ನು ಅಚ್ಚುಹೊಯ್ಯುವುದು ಸಾಧ್ಯವಾಯಿತು. ಅಗ್ಗವೇನೋ ಆಯಿತು, ಬಣ್ಣ ಮಾತ್ರ ಕಂದುಗೆಂಪು, ನೋಡಲು ಚೆನ್ನಲ್ಲ. ೧೯೩೭ರಲ್ಲಿ ವಾಲ್ಟರ್ ರೈಟ್ ಎಂಬಾತನು ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ಕನ್ನು ಈ ಕೆಲಸಕ್ಕೆ ತಂದನು. ಅದು ಹಗುರ, ಒಸಡಿನ ಬಣ್ಣವನ್ನೇ ಅದಕ್ಕೆ ಕೊಡಬಹುದು, ಮುರಿದರೆ ಕೂಡಿಸಬಹುದು. ಅಂದಿನಿಂದ ಇಂದಿನವರೆಗೂ ಸಾಮಾನ್ಯ ಸೆಟ್ಟಿನ ಗುಲಾಬಿ ಭಾಗವೆಲ್ಲ ಬಹುಮಟ್ಟಿಗೆ ಅಕ್ರಿಲಿಕ್ಕಿನದೇ.

ಅಕ್ರಿಲಿಕ್ಕಿನ ಅಡುಗೆ ನಮ್ಮ ಮನೆಯ ಅಡುಗೆಗಿಂತ ಬಹಳ ಭಿನ್ನವಲ್ಲ. ಒಂದು ಪುಡಿ, ಒಂದು ದ್ರವ. ದ್ರವದ ಕಣಗಳು ಬಿಡಿ ಮಣಿಗಳಿದ್ದಂತೆ. ಇವಕ್ಕೆ ಮಾನೋಮರ್ ಎಂದು ಹೆಸರು. ಪುಡಿಯಲ್ಲಿರುವುದು ಅವೇ ಮಣಿಗಳನ್ನು ಪೋಣಿಸಿದ ಉದ್ದನೆಯ ಸರಗಳು. ಎರಡನ್ನೂ ಕಲಸಿದರೆ ಚಪಾತಿಹಿಟ್ಟಿನ ಹದಕ್ಕೆ ಬರುವುದು. ಅದನ್ನು ಅಚ್ಚಿನಲ್ಲಿ ಒತ್ತಿ, ಬಿಸಿನೀರಿನಲ್ಲಿ ಹಲವು ಗಂಟೆಗಳ ಕಾಲ ಸುಮಾರು ೭೪ ಡಿಗ್ರಿ ಸೆಂಟಿಗ್ರೇಡಿನಲ್ಲಿಟ್ಟು, ಕೊನೆಗೆ ಕುದಿನೀರಿನಲ್ಲಿ ಬೇಯಿಸುವರು. ಆಗ ಬಿಡಿ ಮಣಿಗಳೂ ಸರಗಳಾಗಿ ಕೂಡಿಕೊಂಡು ವಸ್ತುವೆಲ್ಲ ಗಟ್ಟಿಯಾಗುವುದು. ಆತುರಪಟ್ಟು ಒಮ್ಮೆಗೇ ಕುದಿಸಿದರೆ ಒಳಗಿನ ದ್ರವವೇ ಕುದಿದು, ಇಡ್ಲಿಯಲ್ಲಿ ಕಾಣುವಂಥ ಸಣ್ಣ ಸಣ್ಣ ತೂತುಗಳು ಉಳಿಯುವುವು.

ಎಷ್ಟು ಚೆನ್ನಾಗಿ ಬೇಯಿಸಿದರೂ ಕೆಲವು ಮಣಿಗಳು ಪೋಣಿಸಿಕೊಳ್ಳದೆ ಬಿಡಿಯಾಗಿಯೇ ಉಳಿಯುವುದುಂಟು. ಬಿಸಿಯಲ್ಲಿ ಸರಿಯಾಗಿ ಬೇಯಿಸಿದ ಅಕ್ರಿಲಿಕ್ಕಿನಲ್ಲಿ ಇವು ಸೇಕಡ ೦.೨ರಿಂದ ೦.೫ರಷ್ಟು. ಬಿಸಿಯಿಲ್ಲದೆ ತಾನಾಗಿಯೇ ಗಟ್ಟಿಯಾಗುವ ಬಗೆಯದರಲ್ಲಿ, ಅಂದರೆ ಮುರಿದುದನ್ನು ಬೇಗನೆ ಕೂಡಿಸಲು ಬಳಸುವುದರಲ್ಲಿ, ಸೇಕಡ ೩ರಿಂದ ೫. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ೨೦೭೯೫ನೆಯ ಮಾನಕವು ಬಿಸಿಯಲ್ಲಿ ಬೇಯಿಸಿದುದಕ್ಕೆ ಸೇಕಡ ೨.೨, ತಾನಾಗಿ ಗಟ್ಟಿಯಾಗುವುದಕ್ಕೆ ಸೇಕಡ ೪.೫ ಎಂದು ಗರಿಷ್ಠ ಮಿತಿಯನ್ನು ಹಾಕಿದೆ. ಈ ಬಿಡಿ ಮಣಿಗಳನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಬರುವ ಉರಿಯ ಕಥೆಯಲ್ಲಿ ಇವುಗಳಿಗೊಂದು ಪಾತ್ರವಿದೆ.

ಇನ್ನು ಮುರಿಯುವ ವಿಚಾರ. ಮೇಲ್ದವಡೆಯ ಸೆಟ್ಟು ಮುರಿದರೆ ಬಹಳ ಸಲ ನಟ್ಟನಡುವೆ, ಎರಡು ಮುಂದಿನ ಹಲ್ಲುಗಳ ಸಂದಿನಿಂದ ಹಿಂದಕ್ಕೆ ಸೀಳುವುದು. ಹಲ್ಲು ಹೋದ ಮೇಲೆ ದವಡೆಯ ಏಣು ವರ್ಷವರ್ಷಕ್ಕೂ ಸವೆಯುತ್ತ ಹೋಗುವುದು. ಅಂಗುಳಿನ ನಡುವಿನ ಎಲುಬು ಮಾತ್ರ ಹಾಗೆಯೇ ನಿಲ್ಲುವುದು. ಆಗ ಸೆಟ್ಟು ಏರುಪೇರಿನ ಹಲಗೆಯಂತೆ ನಡುವೆ ಆನಿಕೆ ಪಡೆದು ಎರಡೂ ಬದಿಗೆ ಬಾಗುವುದು. ಪ್ರತಿ ತುತ್ತಿಗೂ ಹಲವು ಬಾರಿ ಬಾಗಿದರೆ, ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಮಣಿಸಿ ಮುರಿಯುವಂತೆಯೇ, ಒಂದು ದಿನ ಅದು ದಣಿದು ಸೀಳುವುದು. ತೊಳೆಯುವಾಗ ಕೈಜಾರಿ ಕಲ್ಲಿನ ಮೇಲೆ ಬಿದ್ದು ಒಡೆಯುವುದು ಬೇರೆ. ಬಡವರಿಗೆ ಸೆಟ್ಟು ಮುರಿಯುವುದೆಂದರೆ ಮತ್ತೆ ಆಸ್ಪತ್ರೆಗೆ ಹಲವು ಓಡಾಟ, ಹಲವು ದಿನಗಳ ಕೂಲಿ. ಆದುದರಿಂದ ಅಕ್ರಿಲಿಕ್ಕಿಗೆ ಬಲ ತುಂಬುವ ಯತ್ನವನ್ನು ಕೇವಲ ಪ್ರಯೋಗಶಾಲೆಯ ಚಪಲವೆಂದು ತಿಳಿಯಬಾರದು.

ಬಲ ತುಂಬುವ ಬಗೆಯನ್ನು ಅರಿಯಲು ಬಿನ್ನಿಪೇಟೆಯವರಿಗೆ ಕಷ್ಟವಾಗಲಾರದು. ೧೮೮೪ರಲ್ಲಿ ಸ್ಥಾಪನೆಯಾದ ಬೆಂಗಳೂರು ವುಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಲು, ಬಿನ್ನಿ ಕಂಪನಿಯ ಆಡಳಿತಕ್ಕೆ ಬಂದು ಬಿನ್ನಿ ಮಿಲ್ಲೆಂದೇ ಹೆಸರಾಯಿತು. ಈ ಪೇಟೆಗೆ ಹೆಸರು ಬಂದುದೂ ಆ ಕಂಪನಿಯಿಂದಲೇ. ಮಿಲ್ಲು ಇಂದಿಲ್ಲ, ಅದರ ನೆಲದಲ್ಲಿ ಎತ್ತರದ ವಸತಿಗಳೂ ಮಳಿಗೆಗಳೂ ಎದ್ದಿವೆ. ಆದರೆ ನೂಲು, ಹಾಸು, ಹೊಕ್ಕುಗಳ ಮಾತು ಇಲ್ಲಿನ ಹಳೆಯ ಮನೆಗಳಿಗೆ ಹೊಸದಲ್ಲ. ಒಂಟಿ ಎಳೆ ಬೆರಳಿನ ಎಳೆತಕ್ಕೆ ಹರಿಯುವುದು. ನೂರಾರು ಎಳೆ ಹೆಣೆದ ಬಟ್ಟೆ ಮನುಷ್ಯನನ್ನೇ ತಡೆಯುವುದು. ಅಕ್ರಿಲಿಕ್ಕಿನೊಳಗೆ ಎಳೆಗಳನ್ನು ಹುದುಗಿಸುವುದರ ತತ್ತ್ವವೂ ಇದೇ. ಬಿರುಕು ಓಡುತ್ತ ಬಂದು ಎಳೆಗೆ ತಾಗಿದರೆ ಅಲ್ಲಿ ತಡೆಯುಂಟಾಗುವುದು. ಬಾಗಿಸುವ ಭಾರವನ್ನು ಎಳೆ ಹೊರುವುದು. ಸೀಳುವ ಗೆರೆಗೆ ಅಡ್ಡಲಾಗಿ ಎಳೆಯನ್ನು ಹಾಸಿದರೆ ಪ್ರಯೋಜನ ಹೆಚ್ಚು. ಗೆರೆಯ ಉದ್ದಕ್ಕೇ ಹಾಸಿದರೆ ಅಷ್ಟಿಲ್ಲ.

ಯಾವ ಎಳೆ? ಇಂಗಾಲದ ಎಳೆ ಬಲವಾದುದು. ಆದರೆ ಕಪ್ಪು ಬಣ್ಣ ಗುಲಾಬಿಯ ಒಳಗಿಂದ ಇಣುಕುವುದು. ಅರಾಮಿಡ್ ಎಂಬ ಎಳೆ ಹಳದಿ. ಮೇಲ್ಮೈಗೆ ಬಂದರೆ ನುಣುಪು ಮಾಡಲು ಬಗ್ಗದು. ಪಾಲಿಎಥಿಲೀನ್ ಎಳೆಯ ಬಣ್ಣ ತೊಂದರೆಯಿಲ್ಲ. ಅದು ಅಕ್ರಿಲಿಕ್ಕಿಗೆ ಸುಲಭವಾಗಿ ಅಂಟದು. ಗಾಜಿನ ಎಳೆ ಪಾರದರ್ಶಕ, ಅಕ್ರಿಲಿಕ್ಕಿಗಿಂತ ಇಪ್ಪತ್ತು ಮೂವತ್ತು ಪಟ್ಟು ಬಿಗಿ. ಆದುದರಿಂದ ಅದಕ್ಕೇ ಹೆಚ್ಚು ಮನ್ನಣೆ. ಮಗ್ಗಕ್ಕೆ ಏರಿಸುವ ಮೊದಲು ಹಾಸಿನ ನೂಲಿಗೆ ಗಂಜಿ ಹಾಕುವಂತೆ, ಗಾಜಿನ ಎಳೆಗೂ ಸೈಲೇನ್ ಎಂಬ ದ್ರವದ ಲೇಪ ಕೊಡುವರು. ಗಂಜಿಯ ಕೆಲಸ ನೂಲನ್ನು ಕಾಯುವುದು. ಸೈಲೇನಿನ ಕೆಲಸ ಬೆಸೆಯುವುದು. ಅದರ ಕಣದ ಒಂದು ತುದಿ ಗಾಜನ್ನು ಹಿಡಿದರೆ ಇನ್ನೊಂದು ತುದಿ ಅಕ್ರಿಲಿಕ್ಕನ್ನು ಹಿಡಿಯುವುದು. ಈ ಬೆಸುಗೆ ಸರಿಯಾಗದಿದ್ದರೆ ಎಳೆಯ ಸುತ್ತ ಸಂದು ಉಳಿದು, ನೀರು ನುಗ್ಗಿ, ಬಲಕ್ಕೆ ಸೇರಿಸಿದ ಎಳೆಯೇ ದೌರ್ಬಲ್ಯಕ್ಕೆ ಕಾರಣವಾಗುವುದು.

ಇಷ್ಟು ಬಲದ ಮಾತಾಯಿತು. ಒಪ್ಪಿಗೆಯ ಮಾತಿಗೆ ಬರುವ ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. “ಈ ವಸ್ತು ದೇಹಕ್ಕೆ ಒಗ್ಗುತ್ತದೆಯೇ?” ಎಂದು ಕೇಳುವುದು ವಾಡಿಕೆ. ಪ್ರಶ್ನೆಯೇ ಅರ್ಧ. ಹತ್ತಿಯನ್ನು ತೆಗೆದುಕೊಳ್ಳಿ. ಬಟ್ಟೆಯಾಗಿ ಮೈಮೇಲಿದ್ದರೆ ಅದಕ್ಕಿಂತ ಸೌಮ್ಯವಾದ ವಸ್ತುವಿಲ್ಲ. ಹಸುಗೂಸಿಗೂ ಅದನ್ನೇ ಸುತ್ತುವರು. ಅದೇ ಹತ್ತಿ ಧೂಳಾಗಿ ವರ್ಷಗಟ್ಟಲೆ ಶ್ವಾಸಕೋಶಕ್ಕೆ ಹೋದರೆ ಹತ್ತಿಗಿರಣಿಗಳ ಕೆಲಸಗಾರರಿಗೆ ಬರುವ ಬಿಸಿನೋಸಿಸ್ ಎಂಬ ಉಬ್ಬಸದ ರೋಗವನ್ನು ತರುವುದು. ರಜೆ ಕಳೆದು ಕೆಲಸಕ್ಕೆ ಮರಳಿದ ಮೊದಲ ದಿನ ಎದೆ ಬಿಗಿಯುವುದು ಅದರ ಗುರುತು. ವಸ್ತು ಒಂದೇ, ರೂಪ ಬೇರೆ, ಜಾಗ ಬೇರೆ, ಫಲ ಬೇರೆ.

ಇದಕ್ಕೆ ಎದುರಾದ ಉದಾಹರಣೆ ಅಕ್ರಿಲಿಕ್ಕಿನದೇ. ಎರಡನೆಯ ಮಹಾಯುದ್ಧದಲ್ಲಿ ವಿಮಾನಗಳ ಪಾರದರ್ಶಕ ಅಕ್ರಿಲಿಕ್ ಹೊದಿಕೆ ಒಡೆದು, ಅದರ ಚೂರುಗಳು ಕೆಲವು ವಿಮಾನ ಚಾಲಕರ ಕಣ್ಣಿನೊಳಗೆ ಹೊಕ್ಕಿದ್ದುವು. ಆ ಚೂರುಗಳನ್ನು ಕಣ್ಣು ಹೆಚ್ಚಿನ ಗಲಾಟೆಯಿಲ್ಲದೆ ಸಹಿಸಿಕೊಂಡಿದ್ದುದನ್ನು ಇಂಗ್ಲೆಂಡಿನ ವೈದ್ಯ ಹೆರಾಲ್ಡ್ ರಿಡ್ಲಿ ಗಮನಿಸಿ, ೧೯೪೯ರಲ್ಲಿ ಅಕ್ರಿಲಿಕ್ಕಿನ ಮಸೂರವನ್ನು ರೋಗಿಯ ಕಣ್ಣಿನೊಳಗೇ ಇಟ್ಟನು. ಕಣ್ಣಿನ ಪೊರೆಯ ಚಿಕಿತ್ಸೆಯಲ್ಲಿ ಅದೊಂದು ಹೊಸ ಯುಗ. ಕಣ್ಣು ಸಹಿಸಿದ ವಸ್ತುವನ್ನೇ ಕೆಲವರ ಬಾಯಿ ದೂರುವುದೇಕೆ? ೧೯೮೬ರಲ್ಲಿ ಇಂಗ್ಲೆಂಡಿನ ಚೆಸ್ಟರ್ ನಗರದಲ್ಲಿ ಸೇರಿದ ತಜ್ಞರು ಕೊಟ್ಟ ವಿವರಣೆಯ ಸಾರ ಹೀಗಿದೆ: ದೇಹದೊಡನೆ ಹೊಂದಾಣಿಕೆಯೆಂದರೆ ದೇಹ ಸುಮ್ಮನಿರುವುದಲ್ಲ, ಇಂಥ ಕೆಲಸಕ್ಕೆ ಇಂಥ ಜಾಗದಲ್ಲಿಟ್ಟಾಗ ದೇಹವು ಆ ಸಂದರ್ಭಕ್ಕೆ ತಕ್ಕ ರೀತಿಯಲ್ಲಿ ಪ್ರತಿಕ್ರಿಯೆ ತೋರಿಸುವುದು. ಅಂದರೆ ಒಪ್ಪಿಗೆ ವಸ್ತುವಿನ ಹಣೆಯ ಮೇಲೆ ಬರೆದಿರುವುದಲ್ಲ. ಅದು ವಸ್ತು ಮತ್ತು ದೇಹದ ನಡುವಣ ಸಂಬಂಧ. ಸಂಬಂಧಗಳು ಕೆಡಬಹುದಾದಂತೆ ಇದೂ ಕೆಡಬಹುದು.

ಹಾಗಾದರೆ ಬಾಯಿ ಎಂಥ ಜಾಗ? ಹೊರಗಿನ ಪ್ರಪಂಚ ದೇಹವನ್ನು ಹೊಗುವ ಹೆಬ್ಬಾಗಿಲು ಅದು. ದಿನವೂ ಅನ್ನ, ನೀರು, ಗಾಳಿ, ಧೂಳು, ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳು ಅಲ್ಲಿಂದ ಹಾದುಹೋಗುವುವು. ಬಂದವರ ಮೇಲೆಲ್ಲ ಕತ್ತಿ ಎತ್ತುವ ಕಾವಲುಗಾರ ಇಂಥ ಬಾಗಿಲಿಗೆ ತಕ್ಕವನಲ್ಲ. ಯಾರನ್ನೂ ತಡೆಯದವನೂ ತಕ್ಕವನಲ್ಲ. ಬಾಯಿಯ ರಕ್ಷಣಾ ವ್ಯವಸ್ಥೆ ಬಹಳ ಮಟ್ಟಿಗೆ ಸಹನೆಯದು, ಆದರೆ ಎಚ್ಚರದ್ದು.

ಅದರ ಮೊದಲ ಸಾಲು ಜೊಲ್ಲು. ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಸುರಿಯುವ ಈ ರಸವು ಬಾಯಿಯನ್ನು ಸದಾ ತೊಳೆಯುತ್ತಿರುವುದು. ಅದರಲ್ಲಿ ಬ್ಯಾಕ್ಟೀರಿಯಾಗಳ ಗೋಡೆಯನ್ನು ಒಡೆಯುವ ಲೈಸೋಜೈಮ್, ಬೂಷ್ಟಿನ ಜಾತಿಯ ಜೀವಿಗಳನ್ನು ಹತ್ತಿಕ್ಕುವ ಹಿಸ್ಟಾಟಿನ್, ಸೂಕ್ಷ್ಮಜೀವಿಗಳು ಅಂಟದಂತೆ ಕಟ್ಟಿಹಾಕುವ ‘ಐಜಿಎ’ ಎಂಬ ಪ್ರತಿಕಾಯ ಮುಂತಾದುವು ಇವೆ. ಎರಡನೆಯ ಸಾಲು ಬಾಯಿಯ ಒಳಚರ್ಮವೇ. ಅದರ ಮೇಲ್ಪದರ ಸದಾ ಉದುರುತ್ತ, ತನಗೆ ಅಂಟಿಕೊಂಡ ಜೀವಿಗಳನ್ನೂ ಕೊಂಡೊಯ್ಯುವುದು. ಆ ಚರ್ಮದ ನಡುವೆ, ೧೮೬೮ರಲ್ಲಿ ಪಾಲ್ ಲ್ಯಾಂಗರ್‌ಹಾನ್ಸ್ ಎಂಬ ವಿದ್ಯಾರ್ಥಿ ಮೊದಲು ದೇಹದ ಹೊರಚರ್ಮದಲ್ಲಿ ಗುರುತಿಸಿದ, ಕೈಚಾಚಿದಂತೆ ಕವಲೊಡೆದ ಕೋಶಗಳೂ ಇವೆ. ಇವು ಬೇಹುಗಾರರು. ಅಪರಿಚಿತ ವಸ್ತುವಿನ ತುಣುಕನ್ನು ಹಿಡಿದು ಹತ್ತಿರದ ದುಗ್ಧಗ್ರಂಥಿಗೆ ಒಯ್ದು ಅಲ್ಲಿನ ಟಿ ಕೋಶಗಳಿಗೆ ತೋರಿಸುವುವು. ಮೂರನೆಯ ಸಾಲು ರಕ್ತದಿಂದ ಧಾವಿಸಿ ಬರುವ ಬಿಳಿಯ ಕಣಗಳದು. ಸಿಕ್ಕಿದುದನ್ನು ನುಂಗುವುದು ಅವುಗಳ ಕೆಲಸ.

ಈಗ ಮೇಲ್ದವಡೆಯ ಸೆಟ್ಟನ್ನು ಈ ಬಾಯಿಯಲ್ಲಿ ಕೂಡಿಸಿ ನೋಡಿ. ಅದು ಅಂಗುಳಿಗೆ ಬಿಗಿಯಾಗಿ ಕುಳಿತಷ್ಟೂ ಜಾರದೆ ನಿಲ್ಲುವುದು. ಬಿಗಿಯಾಗಿ ಕುಳಿತಷ್ಟೂ ಅದರ ಅಡಿಗೆ ಜೊಲ್ಲಿನ ಹರಿವು ನಿಲ್ಲುವುದು. ಕಾವಲಿನ ಮೊದಲ ಸಾಲನ್ನು ನಾವೇ ಹೊರಗಿಟ್ಟಂತಾಯಿತು. ಮುಚ್ಚಿದ ಚರ್ಮದ ಮೇಲ್ಪದರ ಉದುರಿದರೂ ಹೋಗಲು ದಾರಿಯಿಲ್ಲ. ಬೆಚ್ಚಗೆ, ತೇವವಾಗಿ, ಕತ್ತಲಾಗಿ, ಅನ್ನದ ಅಂಶ ಬೆರೆತ ಈ ಸಂದಿನಲ್ಲಿ ‘ಕ್ಯಾಂಡಿಡಾ’ ಎಂಬ ಬೂಷ್ಟಿನ ಜಾತಿಯ ಜೀವಿಗೆ ಹಬ್ಬ. ಆರೋಗ್ಯವಂತರ ಬಾಯಲ್ಲೂ ಇದು ಬಡ ಬಾಡಿಗೆದಾರನಂತೆ ಮೂಲೆಯಲ್ಲಿರುವುದು ಸಾಮಾನ್ಯ. ಅವಕಾಶ ಸಿಕ್ಕಿದರೆ ಮನೆಯನ್ನೇ ಆಕ್ರಮಿಸುವುದು.

ಆದುದರಿಂದ “ಉರಿಯುತ್ತದೆ” ಎಂಬ ದೂರು ಬಂದಾಗ ಕನಿಷ್ಠ ಮೂವರು ಆರೋಪಿಗಳನ್ನು ವಿಚಾರಿಸಬೇಕು.

ಮೊದಲನೆಯವನು ನಾವು ನೆನಪಿನಲ್ಲಿಟ್ಟ ಬಿಡಿ ಮಣಿ, ಮಾನೋಮರ್. ಇದು ಬಹಳ ಸಣ್ಣ ಕಣ. ಒಂಟಿಯಾಗಿ ಬಂದರೆ ಬೇಹುಗಾರರ ಕಣ್ಣಿಗೆ ಬೀಳದು. ನಮ್ಮದೇ ದೇಹದ ಪ್ರೋಟೀನಿನ ಹೆಗಲೇರಿ ಅದರ ರೂಪವನ್ನು ಬದಲಿಸಿದಾಗ ಮಾತ್ರ ಟಿ ಕೋಶಗಳು ಅದನ್ನು ಶತ್ರುವೆಂದು ನೆನಪಿಟ್ಟುಕೊಳ್ಳುವುವು. ಮುಂದೆ ಅದೇ ಬಂದರೆ ಒಂದೆರಡು ಮೂರು ದಿನಗಳಲ್ಲಿ ಕೆಂಪು, ಉರಿ, ಊತ ಕಾಣಿಸಿಕೊಳ್ಳುವುದು. ಇದು ತಡವಾಗಿ ತೋರುವ ಅಲರ್ಜಿ. ಆದರೆ ನಿಜವಾದ ಅಕ್ರಿಲಿಕ್ ಅಲರ್ಜಿ ಹಲ್ಲು ಹಾಕಿಕೊಂಡವರಲ್ಲಿ ಅಪರೂಪ. ಜೊಲ್ಲು ಅದನ್ನು ತೆಳುಮಾಡಿ ತೊಳೆಯುವುದು, ಬಾಯಿಯ ಸಹನೆಯೂ ದೊಡ್ಡದು. ಹೆಚ್ಚು ತೊಂದರೆ ಅನುಭವಿಸುವವರು ಆ ದ್ರವವನ್ನು ದಿನವೂ ಮುಟ್ಟುವ ಕೆಲಸಗಾರರು. ಅದು ರಬ್ಬರ್ ಕೈಗವಸನ್ನೂ ದಾಟಿ ಬೆರಳಿನ ಚರ್ಮವನ್ನು ಸೇರಬಲ್ಲುದು. ಹಲ್ಲಿನ ಪ್ರಯೋಗಶಾಲೆಯಲ್ಲಿ ಹೆಸರಿಲ್ಲದೆ ದುಡಿಯುವ ಇವರ ಕೈಗಳನ್ನು, ಸೆಟ್ಟಿನ ಕ್ಷೇಮವನ್ನು ಲೆಕ್ಕ ಹಾಕುವಾಗ ನಾವು ಮರೆಯಬಾರದು.

ಎರಡನೆಯವನು ಬಲಕ್ಕೆಂದು ಸೇರಿಸಿದ ಎಳೆ. ಗಾಜಿನ ಎಳೆಯ ದಪ್ಪ ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು. ತಲೆಗೂದಲಿಗಿಂತ ಎಷ್ಟೋ ಸಪುರ. ಅಕ್ರಿಲಿಕ್ಕಿನೊಳಗೆ ಪೂರ್ತಿ ಮುಳುಗಿರುವವರೆಗೆ ಬಾಯಿಗೂ ಅದಕ್ಕೂ ಪರಿಚಯವೇ ಇಲ್ಲ. ಆದರೆ ಸೆಟ್ಟನ್ನು ಸರಿಹೊಂದಿಸಲು ಉಜ್ಜಿದಾಗಲೋ, ವರ್ಷಗಳ ಮೇಲೆ ಸವೆದಾಗಲೋ ಎಳೆಯ ತುದಿ ಹೊರಬಂದರೆ ಅದು ಮುಳ್ಳು. ಚುಚ್ಚಿದ ಕಡೆ ಗಾಯ. ಗಾಯದ ಕಡೆ ಬಿಳಿಯ ಕಣಗಳ ದಂಡು. ಮುರಿದ ತುಣುಕು ಚರ್ಮದೊಳಗೆ ಉಳಿದರೆ ಅದನ್ನು ನುಂಗಲು ಭಕ್ಷಕ ಕೋಶ ಬರುವುದು. ಒಂದು ಮಿಲಿಮೀಟರ್ ಉದ್ದದ ತುಣುಕು ಆ ಕೋಶಕ್ಕಿಂತ ಸುಮಾರು ಐವತ್ತು ಪಟ್ಟು ಉದ್ದ! ನುಂಗಲೂ ಆಗದೆ ಬಿಡಲೂ ಆಗದೆ ಕೋಶವು ತನ್ನ ರಸಗಳನ್ನು ಸುತ್ತಲೂ ಚೆಲ್ಲುತ್ತ ಉರಿಯೂತವನ್ನು ಮುಂದುವರಿಸುವುದು. ಇಲ್ಲಿ ತಪ್ಪು ಗಾಜಿನ ರಾಸಾಯನಿಕ ಗುಣದ್ದಲ್ಲ, ಅದರ ಆಕಾರದ್ದು. ಲೋಹದ ಜಾಲರಿ ಅಥವಾ ಲೋಹದ ತಳ ಹಾಕಿದಾಗ ವಿಚಾರಣೆ ಬೇರೆ: ಅದರಲ್ಲಿ ನಿಕ್ಕಲ್ ಇದ್ದು, ಆ ವ್ಯಕ್ತಿಗೆ ಮೊದಲೇ ಓಲೆ, ಗಡಿಯಾರದ ಪಟ್ಟಿಗಳಿಂದ ತುರಿಕೆ ಬರುತ್ತಿದ್ದರೆ, ವೈದ್ಯರಿಗೆ ಅದನ್ನು ಹೇಳಲೇಬೇಕು.

ಮೂರನೆಯವನೂ ಬಹಳ ಸಲ ನಿಜವಾದ ಅಪರಾಧಿಯೂ ಕ್ಯಾಂಡಿಡಾ. ಸೆಟ್ಟಿನ ಅಡಿಯ ಅಂಗುಳು ಕೆಂಪಾಗುವ ಈ ಬೇನೆಯನ್ನು ೧೯೬೨ರಲ್ಲಿ ನ್ಯೂಟನ್ ಎಂಬ ವೈದ್ಯನು ಮೂರು ಬಗೆಯಾಗಿ ವಿಂಗಡಿಸಿದನು: ಸೂಜಿಮೊನೆಯಂಥ ಕೆಂಪು ಚುಕ್ಕೆಗಳು, ಸೆಟ್ಟು ಮುಚ್ಚಿದಷ್ಟೂ ಹರಡಿದ ಕೆಂಪು, ಕಾಳುಕಾಳಾಗಿ ಎದ್ದ ಚರ್ಮ. ವಿಚಿತ್ರವೆಂದರೆ ಅನೇಕರಿಗೆ ಇದರಿಂದ ನೋವೇ ಇರದು. ಆದುದರಿಂದ ವರ್ಷಗಟ್ಟಲೆ ಗೊತ್ತೇ ಆಗದು. ರಾತ್ರಿಯೂ ಸೆಟ್ಟು ತೆಗೆಯದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ, ಬಾಯಿ ಒಣಗುವವರಲ್ಲಿ ಇದು ಹೆಚ್ಚು. ಇದನ್ನು ತಡೆಯಲು ದೇಹವು ಇಂಟರ್‌ಲ್ಯೂಕಿನ್-೧೭ ಎಂಬ ಸಂದೇಶವಸ್ತುವನ್ನು ಹೊರಡಿಸಿ ಬಿಳಿಯ ಕಣಗಳನ್ನು ಕರೆಸುವುದು. ಕಾವಲು ಸರಿಯಾಗಿಯೇ ಇದೆ. ಆದರೆ ಶತ್ರುವಿನ ಕೋಟೆ ಚರ್ಮದಲ್ಲಿಲ್ಲ, ಸೆಟ್ಟಿನ ಮೇಲಿದೆ! ಸೆಟ್ಟಿನ ಒಳಮೈಯಲ್ಲಿ ಬೇರೂರಿದ ಕ್ಯಾಂಡಿಡಾವನ್ನು ಯಾವ ಬಿಳಿಯ ಕಣವೂ ತಲಪಲಾರದು. ಚರ್ಮಕ್ಕೆ ಮಾತ್ರ ಔಷಧ ಹಚ್ಚಿ ಸೆಟ್ಟನ್ನು ಹಾಗೆಯೇ ಬಿಟ್ಟರೆ ಬೇನೆ ಮರಳುವುದು ಇದರಿಂದಲೇ.

ಇಲ್ಲಿಗೆ ನಮ್ಮ ಪ್ರಶ್ನೆಯ ಉತ್ತರ ಹತ್ತಿರವಾಯಿತು. ಮೇಲ್ಮೈಯ ಒರಟುತನ ಸರಾಸರಿ ೦.೨ ಮೈಕ್ರಾನಿಗಿಂತ, ಅಂದರೆ ಮಿಲಿಮೀಟರಿನ ಐದು ಸಾವಿರದ ಒಂದು ಭಾಗಕ್ಕಿಂತ, ಹೆಚ್ಚಿದಷ್ಟೂ ಸೂಕ್ಷ್ಮಜೀವಿಗಳ ನೆಲೆ ಹೆಚ್ಚುವುದೆಂದು ಪರೀಕ್ಷೆಗಳಿಂದ ಕಂಡುಬಂದಿದೆ. ಚೆನ್ನಾಗಿ ಹುದುಗದ ಎಳೆ, ಆತುರದಲ್ಲಿ ಕುದಿಸಿದುದರ ತೂತು, ಸರಿಯಾಗಿ ನುಣುಪು ಮಾಡದ ಅಂಚು, ಅಂಗಡಿಯ ಅಂಟಿನಿಂದ ಮನೆಯಲ್ಲೇ ಕೂಡಿಸಿದ ಬಿರುಕು ಇವೆಲ್ಲವೂ ಕ್ಯಾಂಡಿಡಾಕ್ಕೆ ಕಟ್ಟಿಕೊಟ್ಟ ಮನೆಗಳೇ. ಆದುದರಿಂದ ಬಲವರ್ಧನೆ ತಾನಾಗಿ ಕೆಟ್ಟದ್ದೂ ಅಲ್ಲ, ತಾನಾಗಿ ಒಳ್ಳೆಯದೂ ಅಲ್ಲ. ಎಳೆ ಒಳಗೇ ಉಳಿದು, ಮಣಿಗಳು ಪೂರ್ತಿ ಬೆಂದು, ಮೈ ನುಣುಪಾಗಿದ್ದರೆ ಬಾಯಿಗೆ ಅದು ಬರಿಯ ಅಕ್ರಿಲಿಕ್ಕಿನಂತೆಯೇ. ಇವು ತಪ್ಪಿದರೆ, ಹೆಚ್ಚು ಬೆಲೆಯ ಬಲವಾದ ಸೆಟ್ಟಿಗಿಂತ ಚೆನ್ನಾಗಿ ಬೇಯಿಸಿ ನುಣುಪು ಮಾಡಿದ ಸಾದಾ ಸೆಟ್ಟೇ ಮೇಲು. ಉಚಿತವಾಗಿ ಬಂದುದೆಂದು ಯಾರೂ ತಮ್ಮ ಸೆಟ್ಟನ್ನು ಕೀಳೆಂದು ಬಗೆಯಬೇಕಾಗಿಲ್ಲ.

ಈಚಿನ ವರ್ಷಗಳಲ್ಲಿ ಎಳೆಗಳ ಜೊತೆಗೆ ಅತಿಸೂಕ್ಷ್ಮ ಪುಡಿಗಳನ್ನು ಬೆರೆಸುವ ಪ್ರಯೋಗಗಳು ನಡೆದಿವೆ: ಬಲಕ್ಕೆ ಜಿರ್ಕೋನಿಯಾ, ಟೈಟಾನಿಯಾ, ಸೂಕ್ಷ್ಮಜೀವಿಗಳನ್ನು ಹತ್ತಿಕ್ಕಲು ಬೆಳ್ಳಿ. ಇಲ್ಲಿಯೂ ಮಿತಿಯೇ ಮುಖ್ಯ. ಪುಡಿ ಹೆಚ್ಚಾದರೆ, ಸರಿಯಾಗಿ ಕಲಸದ ಉಪ್ಪಿಟ್ಟಿನಂತೆ ಗಂಟುಕಟ್ಟಿ, ಆ ಗಂಟಿನಿಂದಲೇ ಬಿರುಕು ಹುಟ್ಟುವುದು. ಕ್ಯಾಂಡಿಡಾವನ್ನು ಕೊಲ್ಲುವ ಬೆಳ್ಳಿ ಪ್ರಮಾಣ ಮೀರಿದರೆ ನಮ್ಮ ಕೋಶಗಳನ್ನೂ ಬಿಡದು.

ಇಂಥ ಹೊಸ ವಸ್ತುವನ್ನು ಬಾಯಿಗಿಡುವ ಮೊದಲು ಪರೀಕ್ಷಿಸುವ ಕ್ರಮವುಂಟು. ವಸ್ತುವನ್ನು ದ್ರವದಲ್ಲಿ ನೆನೆಯಿಟ್ಟು, ಆ ದ್ರವವನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳಿಗೆ ಹಾಕುವರು. ೧೦೯೯೩ನೆಯ ಅಂತರರಾಷ್ಟ್ರೀಯ ಮಾನಕದ ಐದನೆಯ ಭಾಗದಂತೆ, ಕೋಶಗಳ ಜೀವಶಕ್ತಿ ಸೇಕಡ ೩೦ಕ್ಕಿಂತ ಹೆಚ್ಚು ಕುಗ್ಗಿದರೆ ಆ ವಸ್ತು ಕೋಶಗಳಿಗೆ ವಿಷವೆಂದೇ ಲೆಕ್ಕ. ಇದು ಪ್ರವೇಶ ಪರೀಕ್ಷೆ ಮಾತ್ರ, ಪದವಿ ಪರೀಕ್ಷೆಯಲ್ಲ. ತಟ್ಟೆಯ ಕೋಶಗಳಿಗೆ ಜೊಲ್ಲಿಲ್ಲ, ಅಗಿಯುವ ಕೆಲಸವಿಲ್ಲ, ಬಿಸಿ ಕಾಫಿಯಿಲ್ಲ, ಎಲೆ ಅಡಿಕೆಯಿಲ್ಲ, ಎಪ್ಪತ್ತು ವರ್ಷದ ಸಕ್ಕರೆ ಕಾಯಿಲೆಯಿಲ್ಲ. ತಟ್ಟೆಯಲ್ಲಿ ತೇರ್ಗಡೆಯಾದುದನ್ನು ವರ್ಷಗಳ ಕಾಲ ಮನುಷ್ಯರ ಬಾಯಿಯಲ್ಲಿ ನೋಡಿದ ಮೇಲೆಯೇ ಪೂರ್ಣ ಒಪ್ಪಿಗೆ. ಕೊನೆಯ ಪರೀಕ್ಷಕ ಬಾಯಿಯೇ.

ಆ ಪರೀಕ್ಷಕನ ಮಾತನ್ನು ಕೇಳುವ ಹೊಣೆ ಮನೆಯವರದು. ಅದಕ್ಕೆ ಕೆಲವು ಸರಳ ನಿಯಮಗಳು ಸಾಕು. ಊಟವಾದ ಮೇಲೆ ಸೆಟ್ಟನ್ನು ತೆಗೆದು ತೊಳೆಯಬೇಕು. ಮೆದು ಬ್ರಷ್ಷಿನಿಂದ ಒಳಮೈಯನ್ನು ಉಜ್ಜಬೇಕು. ಗರಗರ ಪುಡಿಗಳಿಂದ ಉಜ್ಜಬಾರದು. ಗೀರು ಬಿದ್ದಲ್ಲಿ ಕ್ಯಾಂಡಿಡಾ ಕೂರುವುದು. ಕೈಜಾರಿದರೂ ಒಡೆಯದಂತೆ, ನೀರು ತುಂಬಿದ ಬೋಗುಣಿಯ ಮೇಲೆ ಹಿಡಿದು ತೊಳೆಯುವುದು ಜಾಣತನ. ರಾತ್ರಿ ತೆಗೆದು ತಣ್ಣೀರಿನಲ್ಲ��ಡಬೇಕು. ಕುದಿನೀರು ಹಾಕಿದರೆ ಸೊಟ್ಟಗಾಗುವುದು. ಮುರಿದರೆ, ಚುಚ್ಚಿದರೆ ಮನೆಯಲ್ಲಿ ಅರದಿಂದ ಉಜ್ಜುವುದಾಗಲಿ, ಅಂಟು ಹಚ್ಚುವುದಾಗಲಿ ಕೂಡದು, ದಂತವೈದ್ಯರಲ್ಲಿಗೇ ಹೋಗಬೇಕು. ಹೊಸ ಸೆಟ್ಟಿನ ಮೊದಲ ವಾರಗಳ ಚುಚ್ಚು ಬಹುತೇಕ ಅಳತೆಯ ದೋಷ. ಒಂದೆರಡು ಭೇಟಿಗಳಲ್ಲಿ ಸರಿಹೋಗುವಂಥದು. ಅಷ್ಟಕ್ಕೇ ಸೆಟ್ಟನ್ನು ಡಬ್ಬಿಗೆ ಹಾಕಬಾರದು. ಆದರೆ ಎರಡು ಮೂರು ವಾರವಾದರೂ ಮಾಯದ ಹುಣ್ಣು, ಅದರಲ್ಲೂ ಹೊಗೆಸೊಪ್ಪು ಅಗಿಯುವವರಲ್ಲಿ ಕಂಡರೆ, ಅದನ್ನು ‘ಸೆಟ್ಟಿನ ಹುಣ್ಣು’ ಎಂದು ತಳ್ಳಿಹಾಕದೆ ಕೂಡಲೇ ತೋರಿಸಬೇಕು. ಅದು ಅರ್ಬುದವಲ್ಲವೆಂದು ಖಚಿತಪಡಿಸಿಕೊಳ್ಳುವುದು ಜೀವದ ಪ್ರಶ್ನೆ.

ಹಲ್ಲಿನ ಸೆಟ್ಟು ಹಾಕಿಕೊಂಡ ಹಿರಿಯರು ತಮ್ಮ ಬೇನೆಯನ್ನು ಹೇಳಿಕೊಳ್ಳಲು ಹಿಂಜರಿಯುವರು. ವಯಸ್ಸಾಯಿತು, ಇದೆಲ್ಲ ಇದ್ದದ್ದೇ ಎಂದು ಸುಮ್ಮನಾಗುವರು. ಮೇಲೆ ಹೇಳಿದಂತೆ ಆ ಕೆಂಪಿಗೆ ಎಷ್ಟೋ ಸಲ ನೋವೂ ಇರದು. ಹೀಗೆ ಬಾಯಿಯೂ ಸುಮ್ಮನಿದ್ದು, ಬಾಯಿಯ ಒಡೆಯರೂ ಸುಮ್ಮನಿದ್ದರೆ, ಕೇಳಬೇಕಾದವರು ನಾವು. ವಾರಕ್ಕೊಮ್ಮೆ “ಅಜ್ಜಿ, ಹಲ್ಲು ಸರಿಯಾಗಿದೆಯಾ? ಎಲ್ಲಿ, ಅಂಗುಳು ತೋರಿಸಿ” ಎಂದು ಕೇಳಿ, ಬೆಳಕಿನಲ್ಲಿ ಒಮ್ಮೆ ನೋಡುವುದಕ್ಕೆ ವಿಜ್ಞಾನದ ಪದವಿ ಬೇಕಾಗಿಲ್ಲ. ಹಲ್ಲೂ ಕಡಲೆಯೂ ಒಂದೇ ಬಾಯಿಯಲ್ಲಿ ಕೂಡಿಬರಲು ಪ್ರಯೋಗಶಾಲೆ ಮಾಡಬೇಕಾದ ಕೆಲಸ ಇನ್ನೂ ಇದೆ. ಮನೆ ಮಾಡಬೇಕಾದ ಕೆಲಸವನ್ನು ಇಂದೇ ಮಾಡಬಹುದು.